ಶಿವದಾರ ಕಟ್ಟಿದ ಮೀನು

ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಮೀನು ಎಂಬ ಶಬ್ದ ಆಡುವಂತಿರಲಿಲ್ಲ. ಆಡಿದರೆ ಅವ್ವ ತಾಟು ಸರಿಸಿ ಎದ್ದುಬಿಡುತ್ತಿದ್ದಳು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಸೋಮವಾರ ಬಂದರೆ ಉಳ್ಳಾಗಡ್ಡಿಗೂ ರಜೆ, ಇಂಥ ಮನೆ. ಆ ಮನೆಯ ಹಿರಿಯ ಮಗ, ಅಂದರೆ ನನ್ನ ಅಣ್ಣ, ಪ್ರಾಣಿಶಾಸ್ತ್ರ ಓದಿ, ಅದರಲ್ಲೂ ಹುಡುಕಿ ಹುಡುಕಿ ಮೀನನ್ನೇ ಆರಿಸಿಕೊಂಡು, ಬೆಳಗಾವಿಯ ಒಂದು ಕಾಲೇಜಿನಲ್ಲಿ ಲೆಕ್ಚರರ್ ಆದ. ಶಿವಬಸವ ನಗರದ ನಮ್ಮ ಓಣಿಯ ಹೆಂಗಸರು ಮಗನ ಬಗ್ಗೆ ಕೇಳಿದರೆ ಅವ್ವ "ಸೈನ್ಸ್ ಕಲಸ್ತಾನ್ರಿ" ಎನ್ನುತ್ತಿದ್ದಳು. "ಯಾವ ಸೈನ್ಸ್ರೀ?" ಎಂದರೆ, "ದೊಡ್ಡ ಸೈನ್ಸು" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು.

ನಾನು ಇನ್ನೊಂದು ಕಾಲೇಜಿನ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಡೆಮಾನ್‌ಸ್ಟ್ರೇಟರ್. ಹುಡುಗರು ಜೋಡಿಸಿದ ವೈರು ಸುಡದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ. ನನ್ನ ಸ್ವಭಾವಕ್ಕೆ ಅದಕ್ಕಿಂತ ಒಪ್ಪುವ ಕೆಲಸ ಇರಲಿಲ್ಲ. ಮನೆಯಲ್ಲಿ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಒಮ್ಮೆ ಬಸ್ಸಿನಿಂದ ಇಳಿದು ಹಿಂದಕ್ಕೆ ಓಡಿದ್ದೇನೆ. ಆಗ ನಮ್ಮ ಮನೆಗೆ ಗ್ಯಾಸ್ ಇನ್ನೂ ಬಂದಿರಲಿಲ್ಲ, ಸೀಮೆಎಣ್ಣೆಯ ಸ್ಟೋವ್ ಇತ್ತು. ಬರುವ ಮೊದಲೇ ಆರಿಸುವ ಚಿಂತೆ ಮಾಡಿದವನು ನಾನು.

ಎಪ್ಪತ್ತರ ದಶಕದ ಕೊನೆಯಲ್ಲಿ ಅಣ್ಣ ಸ್ಕಾಲರ್‌ಶಿಪ್ ಮೇಲೆ ಉತ್ತರದ ಒಂದು ಚಳಿ ದೇಶಕ್ಕೆ ಹೋಗಿದ್ದ. ಅಲ್ಲಿ ಸಾಲ್ಮನ್ ಎಂಬ ಮೀನು ಹೊಳೆಯಲ್ಲಿ ಹುಟ್ಟಿ, ಸಮುದ್ರಕ್ಕಿಳಿದು, ವರ್ಷಗಟ್ಟಲೆ ಎಲ್ಲೆಲ್ಲೋ ತಿರುಗಿ, ಮೊಟ್ಟೆ ಇಡುವ ಕಾಲಕ್ಕೆ ಹುಟ್ಟಿದ ಹೊಳೆಗೇ ತಿರುಗಿ ಬರುತ್ತದಂತೆ. ಸಮುದ್ರದಲ್ಲಿ ಅದು ದಾರಿ ಹೇಗೆ ಹಿಡಿಯುತ್ತದೆ ಎಂದು ತಿಳಿಯಲು ಮೀನಿನ ಹೊಟ್ಟೆಯೊಳಗೆ ಟ್ಯಾಗು ಎಂಬ ಬೆರಳುದ್ದದ ಒಂದು ನಳಿಕೆ ಇಡುತ್ತಿದ್ದರು. ಅದು ನೀರಿನಲ್ಲಿ ಟಿಕ್ ಟಿಕ್ ಎಂದು, ಮನುಷ್ಯರ ಕಿವಿಗೆ ಕೇಳದ ಸದ್ದು ಮಾಡುತ್ತಿತ್ತು. ಹಡಗಿನಿಂದ ನೀರಿಗೆ ಇಳಿಬಿಟ್ಟ ಯಂತ್ರ ಅದನ್ನು ಹಿಡಿದು ಕಿವಿಗೆ ಕೇಳುವಂತೆ ಮಾಡುತ್ತಿತ್ತು. ಅಣ್ಣ ಕಿವಿಗೆ ಹೆಡ್‌ಫೋನ್ ಏರಿಸಿ ಕುಳಿತು, ಹಡಗಿನವರಿಗೆ ಎಡಕ್ಕೆ, ಬಲಕ್ಕೆ ಎಂದು ಹೇಳುತ್ತಿದ್ದ. ಮೀನು ಮುಂದೆ, ಹಡಗು ಹಿಂದೆ. ಮನೆಯಲ್ಲಿ ಎಮ್ಮೆಯ ಹಿಂದೆ ಹೋದವನಲ್ಲ, ಅಲ್ಲಿ ಮೀನಿನ ಹಿಂದೆ ಹೋಗುತ್ತಿದ್ದ.

ಆದರೆ ಯಾವ ಮೀನನ್ನೂ ಕೊನೆಯವರೆಗೆ ಹಿಂಬಾಲಿಸಲು ಆಗಲಿಲ್ಲ. ಒಮ್ಮೆ ಬಿರುಗಾಳಿ, ಒಮ್ಮೆ ಹಡಗಿನ ಎಣ್ಣೆ ತೀರುತ್ತಿತ್ತು, ಒಮ್ಮೆ ಮೀನಿನೊಳಗಿನ ಬ್ಯಾಟರಿ. ಹಡಗು ತಿರುಗುತ್ತಿತ್ತು, ಟಿಕ್ ಟಿಕ್ ಸಣ್ಣದಾಗುತ್ತ ಹೋಗಿ ಬರೀ ಸಮುದ್ರದ ಸದ್ದು ಉಳಿಯುತ್ತಿತ್ತು. ಅಪ್ಪ ತೀರಿಕೊಂಡ ಸುದ್ದಿ ಮುಟ್ಟಿದಾಗ ಅಣ್ಣ ಓದನ್ನೂ ಹಾಗೆಯೇ ಬಿಟ್ಟು ಬಂದ.

"ಒಂದರ ಕೊನಿನೂ ನನಗ ಗೊತ್ತಿಲ್ಲ ತಮ್ಮಾ," ಎನ್ನುತ್ತಿದ್ದ. "ಮನಿ ಮುಟ್ಟಿದವೋ, ಯಾರ ಹೊಟ್ಟಿಗೆ ಹ್ವಾದವೋ. ಎಲ್ಲಾನೂ ನಡು ದಾರ್ಯಾಗ ಬಿಟ್ಟು ಬಂದೀನಿ."

ಅವನು ಬಂದ ದಿನ ಅವ್ವ ಮೊದಲು ನೋಡಿದ್ದು ಅವನ ಮುಖವನ್ನಲ್ಲ, ಕೊರಳನ್ನು. ಲಿಂಗ ಇರಲಿಲ್ಲ. ಹಡಗಿನಲ್ಲಿ ದಾರ ಕೊಳೆತು ಹರಿದಿತ್ತಂತೆ. ಲಿಂಗವನ್ನು ಒಂದು ಕಾಲುಚೀಲದಲ್ಲಿ ಸುತ್ತಿ ತಂದಿದ್ದ. ಕಾಲುಚೀಲದಲ್ಲಿ! ಅವ್ವ ಅದನ್ನು ತೊಳೆದು, ಪೂಜೆ ಮಾಡಿ, ಅವನ ಮೇಜಿನ ಖಾನೆಯಲ್ಲಿಟ್ಟಳು. ಕಟ್ಟಿಕೋ ಎನ್ನಲಿಲ್ಲ. ಅವನೂ ಕಟ್ಟಿಕೊಳ್ಳಲಿಲ್ಲ.

ಆಮೇಲೆ ಅವನ ಕಾಲು ಬಾತವು. ಮೊದಲು ಚಪ್ಪಲಿ ಬಿಗಿಯಾಯಿತು ಎಂದು ಚಪ್ಪಲಿಯನ್ನು ಬೈದ. ಮಿರಜಿಗೆ ಕರೆದುಕೊಂಡು ಹೋಗಿ ತೋರಿಸಿದಾಗ ಡಾಕ್ಟರು ಮೂತ್ರಪಿಂಡ ಎಂದರು. ನನ್ನನ್ನು ಬಾಜೂ ಕೋಣೆಗೆ ಕರೆದು, ಬಹಳ ದಿನ ಇಲ್ಲ ಎಂದರು. ಹೊರಗೆ ಬಂದಾಗ ಅಣ್ಣ, "ನಿನ್ನ ಮಾರಿ ನೋಡಿದ್ರ ಗೊತ್ತಾಗತೈತಿ. ಆದರ ನೀ ಬಸ್ಸ ತಪ್ಪಿದ್ರೂ ಹಿಂಗ ಮಾರಿ ಮಾಡ್ತಿ, ಅದಕ್ಕ ಇನ್ನೂ ಆಶಾ ಐತಿ" ಎಂದ. ಜೀವನವಿಡೀ ಅನಗತ್ಯವಾಗಿ ಹೆದರಿದ್ದರಿಂದ, ಹೆದರಬೇಕಾದ ಒಂದು ದಿನ ನನ್ನ ಮುಖ ಯಾರಿಗೂ ಏನೂ ಹೇಳಲಿಲ್ಲ.

ಉಪ್ಪು ಬಂದ್ ಆಯಿತು. ಅವನೊಬ್ಬನೇ ಸಪ್ಪೆ ಉಣ್ಣಬಾರದೆಂದು ಅವ್ವ ಇಡೀ ಮನೆಯ ಅಡುಗೆಗೆ ಉಪ್ಪು ಹಾಕುವುದನ್ನೇ ಬಿಟ್ಟಳು. "ಉಪ್ಪಿನ ಸಮುದ್ರದಾಗ ಇದ್ದು ಬಂದಾಂವಗ ಈ ಶಿಕ್ಷಾ ನೋಡಪಾ," ಎಂದು ಅಣ್ಣ ನಗುತ್ತ ಸಪ್ಪೆ ಸಾರಿನಲ್ಲಿ ರೊಟ್ಟಿ ಮುರಿಯುತ್ತಿದ್ದ. ನಾನು ಕಾಲೇಜಿನ ಕ್ಯಾಂಟೀನಿನಲ್ಲೂ ಮಿರ್ಚಿ ಭಜಿ ತಿನ್ನಲಾರದೆ ಹೋದೆ.

ಆ ಬೇಸಿಗೆಯಲ್ಲಿ ಅಣ್ಣ ನನ್ನನ್ನು ಕರೆದು, "ತಮ್ಮಾ, ನನಗೊಂದ ಸಣ್ಣ ರೇಡಿಯೋ ಮಾಡಿಕೊಡು. ಮೀನಿಗೆ ಕಟ್ಟುವಂಥಾದ್ದು" ಎಂದ.

ಹಿಂದೆ ಅವನು ಖಾನಾಪುರದ ಜೂನಿಯರ್ ಕಾಲೇಜಿನಲ್ಲಿ ಸ್ವಲ್ಪ ಕಾಲ ಕಲಿಸಿದ್ದ. ಅಲ್ಲಿ ಮುಂಗಾರಿನ ಮೊದಲ ಕೆಂಪು ನೀರು ಮಲಪ್ರಭೆಗೆ ಬಂದೊಡನೆ ಕೆಳಗಿನಿಂದ ಮೀನುಗಳು ಪ್ರವಾಹಕ್ಕೆ ಎದುರಾಗಿ ಏರುವುದನ್ನು ನೋಡಿದ್ದ. ಊರ ಮೇಲಿನ ಒಂದು ಹಳೆಯ ಶಿವಾಲಯದ ಮಡುವಿನಲ್ಲಿ ಅವು ಮೊಟ್ಟೆ ಇಡುತ್ತವೆ ಎಂದು ಎಲ್ಲರೂ ಹೇಳುತ್ತಿದ್ದರು. ಸಾಲ್ಮನ್ ಅಲ್ಲ. ಅಗಲ ಹುರುಪೆಯ, ಮೀಸೆಯ ನಮ್ಮ ಹೊಳೆಮೀನು. ಆದರೆ ಏರುವ ಹಟ ಅದೇ. ಉಪ್ಪುನೀರು ರೇಡಿಯೋ ಅಲೆಯನ್ನು ನುಂಗಿಬಿಡುತ್ತದೆ, ಅದಕ್ಕೇ ಸಮುದ್ರದಲ್ಲಿ ಸದ್ದಿನ ಟ್ಯಾಗು. ಸಿಹಿನೀರಿನ ಹೊಳೆಯಲ್ಲಾದರೆ ಸಣ್ಣದೊಂದು ರೇಡಿಯೋ ಸಾಕು, ದಂಡೆಯಲ್ಲಿ ನಿಂತೇ ಕೇಳಬಹುದು.

"ಒಂದ ಮೀನು," ಎಂದ ಅಣ್ಣ. "ಒಂದನ್ನರ ಕೊನೀತನಕಾ ಕಾಣಬೇಕು."

ನನಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ, ಚಿಂತೆ ಮಾತ್ರ ಬಂತು. ಮನೆಯಲ್ಲಿ ರೇಡಿಯೋ ಕೇಳಲಿಕ್ಕೇ ಪೋಸ್ಟ್ ಆಫೀಸಿನಲ್ಲಿ ಲೈಸೆನ್ಸ್ ಮಾಡಿಸುತ್ತಿದ್ದ ಕಾಲ. ನಾನು ಮಾಡಹೊರಟಿದ್ದು ಕೇಳುವ ಯಂತ್ರವಲ್ಲ, ಹೇಳುವ ಯಂತ್ರ. ಸಾಂಬ್ರಾದಲ್ಲಿ ವಿಮಾನ ಇಳಿಯುತ್ತವೆ. ನಮ್ಮ ಮೀನಿನ ಟಿಕ್ ಟಿಕ್ ಕೇಳಿ ಯಾವನೋ ಪೈಲಟ್ ದಾರಿ ತಪ್ಪಿ ಮಲಪ್ರಭೆಯಲ್ಲಿ ಇಳಿದರೆ? ಪೊಲೀಸರು ಬಂದು ಗೂಢಚಾರರೆಂದು ಹಿಡಿದರೆ ಅವ್ವ ಓಣಿಯವರಿಗೆ ಏನು ಹೇಳಬೇಕು? ಇದೂ ದೊಡ್ಡ ಸೈನ್ಸೇ?

ಚಿಂತೆ ಮಾಡುತ್ತಲೇ ಮಾಡಿದೆ. ಕೈಗಡಿಯಾರದ ಬ್ಯಾಟರಿ, ಒಂದು ಟ್ರಾನ್ಸಿಸ್ಟರು, ಕೂದಲಿನಂಥ ತಂತಿಯ ಸುರುಳಿ. ನೀರು ಹೋಗದಂತೆ ಮುಚ್ಚಲು ಹಿಂದವಾಡಿಯ ಪರಿಚಯದ ಹಲ್ಲಿನ ಡಾಕ್ಟರರ ಬಳಿ ಕಟ್ಟುಹಲ್ಲು ಕೂರಿಸುವ ಮಸಾಲೆ ತಂದೆ. ಅದು ಒಸಡಿನ ಬಣ್ಣದ್ದು, ನಸುಗೆಂಪು. ಆ ಬಣ್ಣ ನೀರಿನಲ್ಲಿ ಹೊಳೆದರೆ ನೀರುನಾಯಿ ಹಿಡಿಯುತ್ತದೆಂದು ಅಣ್ಣ ಅದರ ಮೇಲೆ ಕಪ್ಪು ಅರಗು ಬಳಿದ. ಕೊನೆಗೆ ಕೈಗೆ ಬಂದದ್ದು ಚಿಕ್ಕ ನೆಲ್ಲಿಕಾಯಿಯಷ್ಟು ದೊಡ್ಡ, ಕಪ್ಪನೆಯ, ನುಣ್ಣನೆಯ ಗುಂಡು.

ಕಟ್ಟಲು ನೈಲಾನ್ ದಾರ ತಂದೆವು. ಅಣ್ಣ ಅದನ್ನು ಬೆರಳಿಗೆ ಸುತ್ತಿ ಎಳೆದು ನೋಡಿ, "ಇದು ಮಾಂಸ ಕೊಯ್ಯತೈತಿ" ಎಂದು ಬಿಸಾಡಿದ. ಬಾಗಿಲ ಬಳಿ ಸೊಪ್ಪು ಸೋಸುತ್ತ ಕುಳಿತಿದ್ದ ಅವ್ವ ನಮ್ಮ ಕಡೆ ನೋಡದೆಯೇ ಕೇಳಿದಳು:

"ತಿನ್ನಾಕಲ್ಲ ಅಂತೀರಿ. ಮತ್ತ ಹಿಡಿಯೂದ್ಯಾಕ?"

"ಎಲ್ಲಿ ಹೊಕ್ಕೈತಿ ನೋಡಾಕವ್ವ."

"ಅದರ ಪಾಡಿಗೆ ಅದು ಹೊಕ್ಕೈತಿ. ನೀ ನೋಡಿದ್ರ ಲಗೂ ಮುಟ್ಟತೈತೇನು?"

ಅವ್ವ ಎದ್ದು ದೇವರ ಕೋಣೆಗೆ ಹೋಗಿ ಶಿವದಾರದ ಉಂಡೆ ತಂದು ಅವನ ಮುಂದಿಟ್ಟಳು. ಲಿಂಗವನ್ನು ಕೊರಳಿಗೆ ಕಟ್ಟಿಕೊಳ್ಳುವ, ಕೈಯಿಂದ ಹೊಸೆದ ನೂಲಿನ ದಾರ. "ಇದು ಮೈಗೆ ಒತ್ತೂದಿಲ್ಲ. ಹುಟ್ಟಿದ ಕೂಸಿಗೆ ಕಟ್ಟೂದು ಇದನ್ನ," ಎಂದು, ತಿರುಗಿ ಹೋಗುವಾಗ ಆ ಕಪ್ಪು ಗುಂಡನ್ನು ನೋಡಿ ನಿಂತಳು. ನಮ್ಮ ಇಷ್ಟಲಿಂಗದ ಮೇಲೂ ಹೀಗೇ ಕಪ್ಪು ಕಂಥಿಯ ಲೇಪ ಇರುತ್ತದೆ. "ಶಿವನ! ಥೇಟ್ ಹಂಗ ಮಾಡೀರಲ್ಲೋ," ಎಂದವಳು ಮತ್ತೆ ಸೊಪ್ಪಿನ ಮುಂದೆ ಕುಳಿತಳು.

ಜೂನ್‌ನಲ್ಲಿ ಕೆಂಪು ನೀರು ಬಂದಾಗ ಎಂ.ಕೆ. ಹುಬ್ಬಳ್ಳಿಯ ಸೇತುವೆಯ ಕೆಳಗೆ ಜೀವಂತ ಮೀನು ಕೊಂಡು, ಬೆನ್ನಿಗೆ ಟ್ಯಾಗು ಕಟ್ಟಿ ಬಿಟ್ಟೆವು. ಮಾರಿದವನು ನಾವು ಕೊಂಡ ಮೀನನ್ನು ಮತ್ತೆ ಹೊಳೆಗೆ ಬಿಡುವುದನ್ನು ಕಂಡು, ಮುಂದಿನ ಸಲ ಇನ್ನೂ ಮೇಲೆ ದರ ಹೇಳಿದ. ಮೊದಲನೆಯ ಮೀನು ನನ್ನ ಬೆಸುಗೆ ಬಿಟ್ಟು ಅಲ್ಲೇ ಮೂಕವಾಯಿತು. ಎರಡನೆಯದು ಸೌದತ್ತಿಯ ಅಣೆಕಟ್ಟಿನ ಕಡೆಗೆ ಕೆಳಗಿಳಿದು ಹೋಯಿತು. ಅಣ್ಣ ನೋಡಿ, "ಇದು ನಿನ್ನಂಗ. ಮ್ಯಾಲ ಏನೈತೋ ಏನೋ ಅಂತ ಅಂಜಿ ಮನಿಗೆ ಹೋತು" ಎಂದ.

ಮೂರನೆಯದು ಏರಿತು.

ನನ್ನ ಹಳೆಯ ಸ್ಕೂಟರಿನ ಹಿಂದೆ ಅಣ್ಣ, ಅವನ ತೊಡೆಯ ಮೇಲೆ ಟಿಕ್ ಟಿಕ್ ಹಿಡಿಯಲು ನಾನು ಮಾಡಿದ ಪೆಟ್ಟಿಗೆ, ಕೈಯಲ್ಲಿ ಅಲ್ಯೂಮಿನಿಯಂ ಕೊಳವೆಗಳ ಆಂಟೆನಾ. ಹೊಳೆ ಕಂಡಲ್ಲೆಲ್ಲ ನಿಲ್ಲಿಸಿ, ಆಂಟೆನಾ ತಿರುಗಿಸಿ ಕೇಳುವುದು. ಗುಡುಗಿದರೆ ಸಾಕು, ಆಂಟೆನಾಕ್ಕೆ ಸಿಡಿಲು ಬಡಿಯುತ್ತದೆಂದು ನಾನು ಮರದ ಕೆಳಗೆ ಓಡುತ್ತಿದ್ದೆ. ಮರಕ್ಕೇ ಸಿಡಿಲು ಬಡಿಯುತ್ತದೆಂದು ನೆನಪಾಗಿ ಮತ್ತೆ ಹೊರಗೆ ಓಡಿ ಬರುತ್ತಿದ್ದೆ. ಪಾರಿಶ್ವಾಡದ ಹತ್ತಿರ ಗದ್ದೆಯಲ್ಲಿದ್ದವನೊಬ್ಬ ನಮ್ಮನ್ನು ನೋಡಿ, "ಟೀವಿ ಹಿಡೀತೈತೇನ್ರಿ?" ಎಂದು ಕೂಗಿದ. ಅಣ್ಣ ಹೆಡ್‌ಫೋನ್ ತೆಗೆಯದೆಯೇ, "ಸದ್ದ ಬರಾಕತ್ತೈತ್ರಿ, ಚಿತ್ರ ಅಷ್ಟ ಇಲ್ಲ" ಎಂದ.

ಆ ದಿನಗಳಲ್ಲಿ ಅವನ ಮುಖದಲ್ಲಿದ್ದ ಬೆಳಕನ್ನು ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಮೀನು ಒಂದು ದಿನ ಬಂಡೆಯ ಮರೆಯಲ್ಲಿ ಸುಮ್ಮನಿರುತ್ತಿತ್ತು, ಮರುದಿನ ಮಳೆ ಜೋರಾದರೆ ಮೈಲಿಗಟ್ಟಲೆ ಏರುತ್ತಿತ್ತು. ಅಣ್ಣನಿಗೂ ಹಾಗೆಯೇ. ಒಂದು ದಿನ ಮೇಲೆದ್ದರೆ ಮೂರು ದಿನ ಹಾಸಿಗೆ.

ಖಾನಾಪುರ ಹತ್ತಿರವಾದಾಗ ಅವನು ಪೂರ್ತಿ ಮಲಗಿದ. ಉಸಿರು ಗಟ್ಟುತ್ತಿತ್ತು. "ನೀ ಹೋಗಿ ಕೇಳಿ ಬಾ" ಎಂದ. ನಾನೊಬ್ಬನೇ ಹೋದೆ. ಊರ ಕೆಳಗೆ ಹೊಳೆಗೆ ಹೊಸದಾಗಿ ಕಟ್ಟಿದ ಒಂದು ಒಡ್ಡು ಇತ್ತು. ಅದರ ಹತ್ತಿರ ಟಿಕ್ ಟಿಕ್ ಸ್ಪಷ್ಟವಾಗಿತ್ತು. ಮೇಲಿನ ಮಡು ಅಲ್ಲಿಂದ ದೂರವೇನಲ್ಲ. ಇನ್ನೆರಡು ದಿನ ಎಂದುಕೊಂಡು ಅಣ್ಣನಿಗೆ ಹೇಳಿದೆ. ಅವನು ಎದ್ದು ಕುಳಿತು ಚಹಾ ಕೇಳಿದ.

ಮತ್ತೆ ಹೋದಾಗ ಟಿಕ್ ಟಿಕ್ ಇತ್ತು. ಆದರೆ ಆಂಟೆನಾ ತೋರಿಸುತ್ತಿದ್ದುದು ಹೊಳೆಯನ್ನಲ್ಲ. ಹೊಳೆಗೆ ಬೆನ್ನು ಮಾಡಿ ನಿಂತರೆ ಸದ್ದು ಜೋರು. ದಂಡೆಯ ಮೇಲೆ, ಕೆಲವು ಮನೆಗಳಿದ್ದ ಕಡೆ, ಒಂದು ಹಿತ್ತಲಿನತ್ತ. ಮೀನು ಮನೆಯೊಳಗೆ ಹೋಗಿತ್ತು ಎಂದರೆ ಅರ್ಥ ಒಂದೇ. ಯಾರದೋ ಒಲೆ. ಬಸ್ಸಿನಲ್ಲಿ ಬೆಳಗಾವಿಗೆ ಬರುವಾಗ ದಾರಿಯುದ್ದಕ್ಕೂ, ಅಣ್ಣನಿಗೆ ಹೇಳಲೋ ಬಿಡಲೋ ಎಂದು ನನ್ನೊಳಗೇ ವಾದ ಮಾಡಿದೆ. ಬಾಗಿಲಲ್ಲಿ ನನ್ನ ಮುಖ ನೋಡಿದವನೇ ಅಣ್ಣ, "ಈ ಸಲ ಬಸ್ಸ ತಪ್ಪಿದ ಮಾರಿ ಅಲ್ಲ ಇದು" ಎಂದ. ಹೇಳಿದೆ. ಮರುದಿನ ಬೆಳಿಗ್ಗೆ ಟ್ಯಾಕ್ಸಿ ಮಾಡಿಸಿ ಹೊರಟೇಬಿಟ್ಟ. ಅವ್ವ ಬೇಡ ಎನ್ನಲಿಲ್ಲ, ಸಪ್ಪೆ ರೊಟ್ಟಿಯ ಬುತ್ತಿ ಕಟ್ಟಿದಳು.

ಆ ಹಿತ್ತಲಿನಲ್ಲಿ ಒಂದು ಬಿಲ್ವದ ಮರ, ಅದರ ಕೆಳಗೆ ಒಬ್ಬ ಅಜ್ಜಿ ಶೇಂಗಾ ಬಿಡಿಸುತ್ತ ಕುಳಿತಿದ್ದಳು. ಹಣೆ ತುಂಬ ವಿಭೂತಿ. ಜಂಗಮರ ಮನೆ. ನಮ್ಮ ಕೈಯ ಆಂಟೆನಾ ನೋಡಿ, "ಟೀವಿ ಇಲ್ಲಿ ಬರೂದಿಲ್ರಿ ಯಪ್ಪಾ. ಗೌಡರ ಮನ್ಯಾಗನ ಬರವಲ್ದು" ಎಂದಳು.

"ಟೀವಿ ಅಲ್ರಿ ಅಜ್ಜಿ, ಮೀನ ಹುಡಕಾಕತ್ತೀವಿ," ಎಂದ ಅಣ್ಣ.

"ಜಂಗಮರ ಹಿತ್ತಲದಾಗ ಮೀನ ಹುಡುಕ್ತೀರಿ?" ಎಂದು ದನಿ ಏರಿಸಿದವಳು ಅಲ್ಲೇ ನಿಲ್ಲಿಸಿದಳು. ಕೈಯ ಶೇಂಗಾ ಬುಟ್ಟಿಗೆ ಹಾಕಿದಳು. "ಅದು ನಿಮ್ಮದಾ?"

ಬಿಲ್ವದ ಬುಡದಲ್ಲಿ ಸಣ್ಣ ಮಣ್ಣಿನ ದಿಬ್ಬ. ಅದರ ಮೇಲೊಂದು ಕಲ್ಲು, ಕಲ್ಲಿನ ಮೇಲೆ ವಿಭೂತಿಯ ಮೂರು ಗೆರೆ, ಒಣಗಿದ ಪತ್ರಿ. ಹೆಡ್‌ಫೋನ್ ಇಲ್ಲದೆಯೂ ನನ್ನ ಪೆಟ್ಟಿಗೆಯ ಮುಳ್ಳು ಕುಣಿಯುತ್ತಿತ್ತು.

"ನಮ್ಮ ಬಾಜೂ ಮನಿಯಾಂವ ಮೀನ ಹಿಡೀತಾನ್ರಿ," ಎಂದಳು ಅಜ್ಜಿ. "ಹ್ವಾದ ಸೋಮವಾರ ಎರಡೂ ಕೈಯಾಗ ಹಿಡಕೊಂಡು ಬಂದ. ಆಯೀ, ಹಾ ಮಾಸಾ ತುಮಚಾ ಆಹೆ ಅಂದ. ಈ ಮೀನ ನಿಮ್ಮದು, ನಿಮ್ಮ ಮಂದೀದು ಅಂದ. ಮೀನಕ್ಕೂ ನಮಗೂ ಏನ್ ಸಂಬಂಧಪಾ ಅಂತ ಬೈಯಾಕ ಹ್ವಾದೆ. ನೋಡಿದ್ರ ಶಿವದಾರ! ಬೆನ್ನಮ್ಯಾಲ ಕರೀ ಲಿಂಗ! ಮೀನಿಗೆ ಕೊಳ್ಳ ಎಲ್ಲೈತ್ರಿ, ಜಾಗಾ ಇದ್ದಲ್ಲಿ ಕಟಗೊಂಡೈತಿ ಅಂತ ತಿಳಕೊಂಡೆ. ಯಾರೋ ಪುಣ್ಯಾತ್ಮರು ದೀಕ್ಷಾ ಕೊಟ್ಟು ಬಿಟ್ಟಿರಬೇಕು. ಲಿಂಗ ಕಟಗೊಂಡ ಜೀವ, ಹಂಗ ಒಗ್ಯಾಕ ಬರತೈತೇನ್ರಿ? ಪತ್ರಿ ಹಾಕಿ, ವಿಭೂತಿ ಹಚ್ಚಿ, ಮಣ್ಣ ಕೊಟ್ಟೆ."

ನಾನು ಅಣ್ಣನ ಕಡೆ ನೋಡಲಾರದೆ ಮರ ನೋಡಿದೆ. ಅಣ್ಣ ನಿಧಾನಕ್ಕೆ ದಿಬ್ಬದ ಬಾಜೂ ಕುಳಿತ. "ಎಲ್ಲಿ ಸಿಕ್ತಂತ್ರಿ?"

ಅಜ್ಜಿ ಅವನ ಬಾತ ಕಾಲು ನೋಡಿದಳು, ಮುಖ ನೋಡಿದಳು. "ಎಲ್ಲಿಗೆ ಹೊಂಟಿತ್ರಿ ಅದು?"

"ಮ್ಯಾಲಿನ ಮಡುವಿಗೆ."

ಅಜ್ಜಿ ಬೇಲಿಯಾಚೆ ಬಗ್ಗಿ ಮೀನು ಹಿಡಿಯುವವನನ್ನು ಕೂಗಿದಳು. ಅವನು ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ನಿಂತ. "ಆ ಲಿಂಗದ ಮೀನ ಮಡುವಿನ್ಯಾಗ ಸಿಕ್ಕಿತ್ತಲ್ಲೋ? ಗುಡಿ ಮುಂದ?" ಎಂದು ಅವನಿಗೆ ಕಣ್ಣು ಮಾಡಿದಳು.

ಅವನಿಗೆ ತಿಳಿಯಲಿಲ್ಲ. "ನಾಹಿ ಆಯೀ. ಒಡ್ಡಿನ ಕೆಳಗ. ನನ್ನ ಕೂಳ್ಯಾಗ. ನಿಮಗ ಹೇಳಿದ್ನೆಲ್ಲಾ?" ಎಂದ. ಅಜ್ಜಿ ಮತ್ತೊಮ್ಮೆ ಕಣ್ಣು ಮಾಡಿದಳು. "ಕಣ್ಣಾಗ ಏನ ಬಿತ್ತು?" ಎಂದು ಅವನೇ ಅವಳನ್ನು ಕೇಳಿದ.

ಅಣ್ಣ ನಕ್ಕುಬಿಟ್ಟ. ಕೆಮ್ಮು ಬರುವವರೆಗೂ ನಕ್ಕ. ಆಮೇಲೆ ಒಂದೊಂದಾಗಿ ಕೇಳಿದ. ಒಡ್ಡಿನ ಯಾವ ಬಾಜೂ, ನೀರು ಎಷ್ಟಿತ್ತು, ಕೂಳಿಯೆಂಬ ಆ ಬಿದಿರಿನ ಬುಟ್ಟಿಯಲ್ಲಿ ಬಿದ್ದಾಗ ಜೀವ ಇತ್ತೇ. ಇರಲಿಲ್ಲವಂತೆ.

"ಮೂತಿ ಹರದಿತ್ರಿ ಸಾಹೇಬ್ರ. ಒಡ್ಡಿನ ಗ್ವಾಡಿಗೆ ಹಾರಿ ಹಾರಿ ಬಡಕೊಂಡಿರಬೇಕು. ದಾಟಾಕ ಆಗೂದಿಲ್ರಿ ಅದು, ಗ್ವಾಡಿ ಎತ್ತರ ಐತಿ. ಹೊಟ್ಟಿ ತುಂಬ ತತ್ತಿ ಇದ್ದವು." ಸ್ವಲ್ಪ ತಡೆದು ಸೇರಿಸಿದ. "ದೇವಾಚಿ ಶಪಥ್, ನಾ ತಿನ್ನಲಿಲ್ರಿ. ನನಗೂ ಮಕ್ಕಳು ಮರಿ ಅದಾವು."

"ಗೊತ್ತೈತಪಾ," ಎಂದ ಅಣ್ಣ. ನನ್ನ ಕಡೆ ಕೈ ಚಾಚಿ ಹೆಡ್‌ಫೋನ್ ಕೇಳಿದ. ಕಿವಿಗೆ ಹಾಕಿಕೊಂಡು ಬಿಲ್ವದ ನೆರಳಿನಲ್ಲಿ ಕಣ್ಣು ಮುಚ್ಚಿ ಕುಳಿತ. ಮಣ್ಣಿನೊಳಗಿನಿಂದ ಟ್ಯಾಗು ಇನ್ನೂ ಹೇಳುತ್ತಲೇ ಇತ್ತು. ನಾನು, ಸುಮ್ಮನಿರಲು ಬಾರದವನು, ಬಗ್ಗಿ ಮೆಲ್ಲಗೆ, "ಅಣ್ಣಾ, ಬ್ಯಾಟರಿ ಇನ್ನೂ ಐತಿ. ತಗದು ಇನ್ನೊಂದ ಮೀನಿಗೆ ಕಟ್ಟೂಣೇನು? ಮಳೆಗಾಲ ಮುಗದಿಲ್ಲ" ಎಂದೆ.

"ಬ್ಯಾಡ. ಮಣ್ಣ ಕೊಟ್ಟಾರ, ತಗೀಬಾರದು." ಕಣ್ಣು ತೆರೆಯದೆಯೇ ಹೇಳಿದ. "ಇದೊಂದರದು ಗೊತ್ತಾತಲ್ಲ."

ಟ್ಯಾಕ್ಸಿಯವನು ಹಾರ್ನ್ ಹೊಡೆಯುವವರೆಗೆ ಅವನು ಹಾಗೇ ಇದ್ದ. ಮನೆಗೆ ಬಂದ ಮೇಲೆ ಅವ್ವನನ್ನು ಕರೆದು, "ಆ ಉಂಡ್ಯಾಗ ದಾರ ಉಳದೈತೇನವ್ವಾ?" ಎಂದ. ಅವ್ವ ಯಾಕೆ ಎಂದು ಕೇಳಲಿಲ್ಲ. ಮೇಜಿನ ಖಾನೆಯಿಂದ ಲಿಂಗ ತೆಗೆದು, ಅವನ ಕೊರಳಿನ ಅಳತೆಗೆ ದಾರ ಹರಿದು ಕಟ್ಟಿದಳು. ಗಂಟು ಹಾಕುವಾಗ ಅವಳ ಕೈ ಅವನ ಹೆಗಲ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಇತ್ತು.

ದೀಪಾವಳಿ ಆದ ಮೇಲೆ ಅಣ್ಣ ಹೋದ. ನಮ್ಮಲ್ಲಿ ಸುಡುವುದಿಲ್ಲ. ಕೂರಿಸಿ, ಎಡಗೈಯಲ್ಲಿ ಲಿಂಗ ಇಟ್ಟು, ವಿಭೂತಿ ಪತ್ರಿ ಹಾಕಿ ಮಣ್ಣು ಕೊಡುತ್ತಾರೆ. ಎಲ್ಲರೂ ಮಣ್ಣು ಹಾಕುವಾಗ ನಾನು ಅವನ ಕೊರಳಿನ ದಾರವನ್ನೇ ನೋಡುತ್ತಿದ್ದೆ. ಹೊಸದಾಗಿಯೇ ಇತ್ತು, ಬಣ್ಣ ಮಾಸಿರಲಿಲ್ಲ. ಕಿವಿಯಲ್ಲಿ ಟಿಕ್ ಟಿಕ್ ಕೇಳಿದಂತಾಗಿ ಗಾಬರಿಯಾದೆ. ಬಾಜೂದವರ ಕೈಗಡಿಯಾರ.

ಸುದ್ದಿ ಹೇಳಬೇಕೆನಿಸಿ, ಚಳಿಗಾಲ ಮುಗಿಯುವ ಮೊದಲು ಒಂದು ರವಿವಾರ ಖಾನಾಪುರದ ಅಜ್ಜಿಯ ಮನೆಗೆ ಹೋದೆ. ಹೋಗುವಾಗ ಯಾಕೋ ಪೆಟ್ಟಿಗೆಯನ್ನೂ ತಗೊಂಡು ಹೋದೆ. ಬಿಲ್ವದ ಬುಡದಲ್ಲಿ ಹಚ್ಚಿ ನೋಡಿದೆ. ಬರೀ ಸುಯ್ ಎನ್ನುವ ಸದ್ದು. ಬ್ಯಾಟರಿ ಎಂದೋ ಮುಗಿದಿರಬೇಕು. ಕಲ್ಲಿನ ಮೇಲೆ ಆ ದಿನದ ಹಸಿ ಪತ್ರಿ ಇತ್ತು.

ಅಜ್ಜಿ ಹೊರಗೆ ಬಂದು ನನ್ನೊಬ್ಬನನ್ನೇ ನೋಡಿ, ನಾನು ಬಾಯಿ ತೆರೆಯುವ ಮೊದಲೇ ತಿಳಿದುಕೊಂಡಳು. "ಅಣ್ಣಾರನ್ನ ಎಲ್ಲಿ ಇಟ್ರಿ?" ಎಂದು ಕೇಳಿದಳು. ಹೇಳಿದೆ. ಯಾವ ಕಡೆ ಮುಖ, ನೆರಳು ಐತೋ ಇಲ್ಲೋ ಎಂದೂ ಕೇಳಿದಳು. ಅದನ್ನೂ ಹೇಳಿದೆ. ತಲೆ ಆಡಿಸಿ, "ಒಳಗ ಬರ್ರಿ, ಕುಂದರ್ರಿ. ಉಣ್ಣದ ಹೋಗಬಾರದು" ಎಂದು ತಾಟು ಹಾಕಿದಳು.

ರೊಟ್ಟಿ, ಬಿಸಿ ಸಾರು. ಮನೆಯಲ್ಲಿ ಅವ್ವ ಇನ್ನೂ ಉಪ್ಪು ಹಾಕಲು ಶುರು ಮಾಡಿರಲಿಲ್ಲ. ನಾನೂ ಹಾಕು ಎಂದಿರಲಿಲ್ಲ. ವರ್ಷಕ್ಕೂ ಹೆಚ್ಚು ಕಾಲವಾದ ಮೇಲೆ ಮೊದಲ ತುತ್ತಿಗೆ ಉಪ್ಪು ನಾಲಿಗೆಗೆ ಬಿತ್ತು. ನುಂಗಲಾಗದೆ ಕುಳಿತೆ.

"ಖಾರ ಆತೇನಪಾ?" ಎಂದಳು ಅಜ್ಜಿ, ನನ್ನ ಕಣ್ಣು ನೋಡಿ, ನೀರಿನ ಚರಿಗೆ ಮುಂದೆ ಸರಿಸುತ್ತ.

"ಹೂಂರಿ," ಎಂದೆ. "ಸ್ವಲ್ಪ ಖಾರ ಐತ್ರಿ."